ಮರಿಯಾಳ ಹೆಸರು ಮಾತ್ರ

11 ಸೆಪ್ಟೆಂಬರ್ 2024, ಬುಧವಾರ. ಮಧ್ಯಾಹ್ನ 2

ಮತ್ತೆ ಅದೇ ಹಾಲ್, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಮೆತ್ತಗಾದ ಬಿಸ್ಕಿಟ್. ಹತ್ತೂವರೆಗೆ ಶುರು ಅಂತ ಬೋರ್ಡು. ಹತ್ತು ಇಪ್ಪತ್ತೊಂಬತ್ತಕ್ಕೇ ವಾಲ್ಟ್ರಾಡ್ ಚಪ್ಪಾಳೆ ತಟ್ಟಿದಳು. ಹುಟ್ಟಿದ್ದು ಬವೇರಿಯಾದ ಯಾವುದೋ ಹಳ್ಳಿ, ನಲವತ್ತು ವರ್ಷ ಇಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಸಂಗೀತ ಕಲಿಸಿದ್ದಾಳಂತೆ. ರಿಟೈರ್ ಆದರೂ ಚಟ ಹೋಗಿಲ್ಲ. ಸ್ಟ್ರೋಕ್ ಹೊಡೆದು ಮಾತು ಹೋದ ಹನ್ನೊಂದು ಜನರನ್ನು ಏರ್‌ಪೋರ್ಟಿನ ಪಕ್ಕದ ಹೌನ್ಸ್ಲೋದ ಈ ಕ್ಯಾಥೊಲಿಕ್ ಚರ್ಚಿನ ಹಾಲಿನಲ್ಲಿ ಸಾಲಾಗಿ ಕೂರಿಸಿ ಜರ್ಮನ್ ಲಾಲಿ ಹಾಡಿಸುತ್ತಾಳೆ. ಎಪ್ಪತ್ತರ ಹತ್ತಿರದ ಗಂಡಸರು — ಒಬ್ಬ ಏರ್‌ಪೋರ್ಟಿನಲ್ಲಿ ಲಗೇಜ್ ಎತ್ತುತ್ತಿದ್ದವನು, ಒಬ್ಬ ಬಸ್ ಡ್ರೈವರ್, ಒಬ್ಬರು ಆರ್ಥೊಪೀಡಿಕ್ ಸರ್ಜನ್ — ಬಾಯಿ ಒಂದು ಕಡೆ ಎಳೆದುಕೊಂಡು ಐಯಾ ಐಯಾ ಅನ್ನುತ್ತಾರೆ, ಅದು ಅವರ ಜೋ ಜೋ.

ಸರ್ಜನ್ ಅಂದರೆ ಇವರು. ನನ್ನ ಯಜಮಾನರು.

ಲಾಲಿ ಯಾಕೆ ಅಂತ ಮೊದಲನೇ ದಿನವೇ ಕೇಳಿದ್ದೆ. ನಿಧಾನ, ಸ್ವರ ನಾಲ್ಕೋ ಐದೋ, ಅದೇ ಮಾತು ಮತ್ತೆ ಮತ್ತೆ. ಪೆಟ್ಟು ಬಿದ್ದ ಮಿದುಳಿಗೆ ಇದಕ್ಕಿಂತ ಸುಲಭದ್ದು ಇಲ್ಲ ಅಂದಳು. ಜರ್ಮನ್ ಯಾಕೆ? ಅರ್ಥ ಗೊತ್ತಿಲ್ಲದಿದ್ದರೆ ನಾಲಿಗೆಗೆ ತಪ್ಪುವ ಭಯ ಇಲ್ಲವಂತೆ. ಎಂಥ ಜಾಣತನ! ಹಾಡಿದ್ದೇ ಹಾಡುವ ಕಿಸಬಾಯಿ ದಾಸನಿಗೆ ಒಂದು ಸಿದ್ಧಾಂತ ಬೇರೆ.

ನಾನು ಮೂವತ್ತೊಂದು ವರ್ಷ ಅನಸ್ತೇಶಿಯಾ ಕೊಟ್ಟವಳು. ದಿನಕ್ಕೆ ಎಂಟು ಜನರನ್ನು ನಿದ್ದೆಗೆ ಹಾಕುತ್ತಿದ್ದೆ. ಒಬ್ಬರಿಗೂ ಹಾಡಿದ್ದಿಲ್ಲ. ಹತ್ತರಿಂದ ಹಿಂದಕ್ಕೆ ಎಣಿಸಿ ಅನ್ನುತ್ತಿದ್ದೆ, ಏಳಕ್ಕೆ ಮುಗಿದಿರುತ್ತಿತ್ತು.

ಎರಡು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ. ವಾಲ್ಟ್ರಾಡ್ ಪ್ರತಿ ಸಲ ಕೈ ಎತ್ತಿ ನಿಲ್ಲಿಸುತ್ತಾಳೆ. ಎಲ್ಲರೂ ಬಾಯಿ ತೆರೆದುಕೊಂಡೇ ಕಾಯುತ್ತಾರೆ. ವಿಮಾನ ಹೋದ ಮೇಲೆ ಬಿಟ್ಟಲ್ಲಿಂದ ಐಯಾ.

18 ಸೆಪ್ಟೆಂಬರ್, ಬುಧವಾರ

ಇಲ್ಲಿಗೆ ಕಳಿಸಿದ್ದು ಜಾಹ್ನವಿ. ಇವರ ಸ್ಪೀಚ್ ಥೆರಪಿಸ್ಟ್. ಬೆಂಗಳೂರಿನ ಹುಡುಗಿ, ವಯಸ್ಸು ಇಪ್ಪತ್ತೆಂಟು ದಾಟಿಲ್ಲ, ಕಾಲಿಗೆ ಬಿಳಿ ಶೂ. ಜನವರಿಯಲ್ಲಿ ಇವರಿಗೆ ಎಡ ಮಿದುಳಿನಲ್ಲಿ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಅರ್ಧಂಬರ್ಧ ವಾಪಸು ಬಂದವು. ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಪೇಪರ್ ಓದುತ್ತಾರೆ, ನಾನು ಸಾರಿಗೆ ಉಪ್ಪು ಮರೆತರೆ ತಟ್ಟೆ ಸರಿಸುತ್ತಾರೆ. ಬಾಯಿಂದ ಬರುವುದು ಮಾತ್ರ ಬರಿ ಹಾಂ. ಹಸಿವಾದರೂ ಹಾಂ, ಸಿಟ್ಟು ಬಂದರೂ ಹಾಂ.

ಜಾಹ್ನವಿ ಹನ್ನೆರಡು ವಾರ ಮನೆಗೆ ಬಂದಳು. ಮೊದಲ ದಿನವೇ ಒಂದು ಫಾರಂ. ಇಷ್ಟದ ತಿಂಡಿ, ಊರು, ಮಗನ ಹೆಸರು, ದಿನಾ ಬಾಯಲ್ಲಿ ಬರುತ್ತಿದ್ದ ಮಾತುಗಳು. ರೂಢಿಯ ಮಾತೇ ಮೊದಲು ವಾಪಸು ಬರುತ್ತದೆ ಅಂತ ಅವಳ ಶಾಸ್ತ್ರ. ಅದು ನನಗೂ ಗೊತ್ತಿದ್ದದ್ದೇ. ಆಮೇಲೆ ಕೇಳಿದಳು — ಅಂಕಲ್ ನಿಮ್ಮನ್ನು ಮನೆಯಲ್ಲಿ ಏನಂತ ಕರೆಯುತ್ತಿದ್ದರು? ಮೈತ್ರೇಯಿ ಅಂದೆ. ದಪ್ಪ ಅಕ್ಷರದಲ್ಲಿ ಬರೆದುಕೊಂಡಳು.

ಅಂದಿನಿಂದ ದಿನಾ ಅದೇ ಅಭ್ಯಾಸ. ಅರ್ಧ ನಾವು ಹೇಳಬೇಕು, ಅರ್ಧಕ್ಕೆ ನಿಲ್ಲಿಸಬೇಕು, ಉಳಿದದ್ದು ಇವರು ತುಂಬಬೇಕು. "ಧಾರವಾಡ ಪೇ—" ಅಂದರೆ "ಡಾ". ಏಪ್ರಿಲ್‌ನಲ್ಲಿ ಅದು ಬಂತು. ಡಾ! ನಾವಿಬ್ಬರೂ ಕುಣಿದೆವು. ಮಗನ ಹೆಸರಿಗೆ "ಮಯೂ—" ಅಂದರೆ "ರ" ಬರುತ್ತದೆ. ಬಾಲ ಬಂತು, ತಲೆ ಇಲ್ಲ. ಇಡೀ ಮಾತು ಒಂದೂ ಇಲ್ಲ. "ಮೈತ್ರೇ—" ಅಂದರೆ ಬಾಲವೂ ಇಲ್ಲ. ನನ್ನನ್ನು ನೋಡುತ್ತಾರೆ, ಕಿಟಕಿ ನೋಡುತ್ತಾರೆ.

ಎಂಟು ತಿಂಗಳಾಯಿತು ಇವರು ನನ್ನನ್ನು ಕರೆದು. ಬೇರೇನೂ ಬೇಡ. ಭಾಷಣ ಬೇಡ, ಶ್ಲೋಕ ಬೇಡ. ಒಂದು ಸಲ ಕರೆದರೆ ಸಾಕು. ಅದಕ್ಕೇ ಈ ಐಯಾ ಐಯಾ ಎಲ್ಲ ಸಹಿಸಿಕೊಂಡು ಕೂತಿದ್ದೇನೆ.

2 ಅಕ್ಟೋಬರ್, ಬುಧವಾರ

ಅಕ್ಟೋಬರ್ ಈ ಚರ್ಚಿನವರಿಗೆಲ್ಲ ಮರಿಯಮ್ಮನ ತಿಂಗಳಂತೆ, ಜಪಮಾಲೆಯ ತಿಂಗಳು. ವಾಲ್ಟ್ರಾಡ್ ಕ್ಲಾಸಿಗೆ ಮುಂಚೆ ಚರ್ಚಿನೊಳಗೆ ಹೋಗಿ ನೀಲಿ ಸೆರಗಿನ ವಿಗ್ರಹದ ಮುಂದೆ ಮೇಣದಬತ್ತಿ ಹಚ್ಚಿ ಬಂದಳು. ಹನ್ನೊಂದು ಹಚ್ಚಿದೆ, ತಲೆಗೊಂದು ಅಂದಳು. ನನ್ನ ಪಾಲಿಗೆ ಇಲ್ಲವಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಹೆಲ್ತ್ ಅಂಡ್ ಸೇಫ್ಟಿಯವರು ನೋಡಿದರೆ ಚೆನ್ನಾಗಿರುತ್ತಿತ್ತು.

ಹೊಸ ಹಾಡು. ಪುಸ್ತಕದಲ್ಲಿ ಇಲ್ಲದ್ದು, ಅವಳ ಅಜ್ಜಿಯ ಹಳ್ಳಿಯದಂತೆ. ಅರ್ಥ ಹೇಳಿದಳು, ಯಾರೂ ಕೇಳದಿದ್ದರೂ. ಮರಿಯಾ ಯೇಸುವನ್ನು ಹೆತ್ತು ಸುಸ್ತಾಗಿದ್ದಾಳೆ. ಕೊಟ್ಟಿಗೆ, ಚಳಿ. ಕೂಸು ಮಲಗಿತು, ತಾಯಿಗೆ ನಿದ್ದೆ ಇಲ್ಲ. ಆಗ ಬಡಗಿ ಗಂಡ ಕೂತು ಲಾಲಿ ಹೇಳುತ್ತಾನೆ — ಕೂಸಿಗಲ್ಲ, ಹೆಂಡತಿಗೆ. ಏಳು ನುಡಿ. ಪ್ರತಿ ನುಡಿಯ ಕೊನೆಗೂ ಅವಳ ಹೆಸರು ಹಿಡಿದು ಕರೆಯುತ್ತಾನೆ. ಮರಿಯಾ.

ನಗು ಬಂತು. ಎರಡು ಸಾವಿರ ವರ್ಷದ ಹಿಂದಿನ ಬಡಗಿ, ಹೆಂಡತಿಯನ್ನು ಹೆಸರು ಹಿಡಿದು ಕರೆದು ಮಲಗಿಸುವವನು! ಈ ಜರ್ಮನ್ನರು ಕಾರು ಮಾಡುವುದೇ ಲೇಸು. ಬಸ್ ಡ್ರೈವರನ ಹೆಂಡತಿ ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಹಾಡು ಇನ್ನೂ ಶುರುವಾಗಿರಲಿಲ್ಲ.

ಶುರುವಾಯಿತು. ಇವರು ಹಾಡಿದರು.

ಹಾಡಿದರು ಅಂದರೆ — ಪೂರ್ತಿ ಮಾತು. ಸ್ಪಷ್ಟ. ಬಾಲವಲ್ಲ, ತಲೆಯಿಂದ ಬಾಲದವರೆಗೆ. ಮರಿಯಾ. ಆ "ರಿ"ಯ ಮೇಲೆ ಸ್ವಲ್ಪ ನಿಂತು, ಜಾರಿ, "ಯಾ"ಕ್ಕೆ ಇಳಿದರು. ಚಿಕ್ಕಂದಿನಲ್ಲಿ ಧಾರವಾಡದ ಬೈಠಕ್‌ಗಳಲ್ಲಿ ಕೂತು ಕೇಳಿದ ಕಿವಿ ಅದು, ಎಲ್ಲಿ ಹೋಗುತ್ತದೆ. ಏಳು ಸಲ ಅಂದರು. ಕೊನೆಯ ಸಲ ಕಣ್ಣು ಮುಚ್ಚಿಕೊಂಡು.

ವಾಲ್ಟ್ರಾಡ್ ಇವರ ಕೈ ಹಿಡಿದು ಏನೇನೋ ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಎರಡು ಕೈ ಆಡುವವರು. ನಾನೂ ತಟ್ಟಿದೆ. ಮನೆಗೆ ಬಂದು ಒಂದು ಗಂಟೆ ಬಾತ್‌ರೂಮ್ ಉಜ್ಜಿದೆ.

5 ಅಕ್ಟೋಬರ್

ಮಯೂರನಿಗೆ ಫೋನ್ ಮಾಡಿ ಹೇಳಿದೆ. ಅವನಿರುವುದು ಮ್ಯಾಂಚೆಸ್ಟರಿನಲ್ಲಿ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ — ದಟ್ಸ್ ಅಮೇಜಿಂಗ್ ಮಮ್, ಹಿ ಸೌಂಡ್ಸ್ ಹ್ಯಾಪಿ. ಅಮೇಜಿಂಗ್ ಹೌದಪ್ಪ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಇಲ್ಲಿ ಕೂತಿದ್ದಾಳೆ. ನಿಮ್ಮಪ್ಪ ನಜರೇತಿನ ಹುಡುಗಿಯನ್ನು ಕರೆಯುತ್ತಿದ್ದಾರೆ.

ಮನೆಯಲ್ಲಿ ಪ್ರಯತ್ನಿಸಿದೆ. ಟ್ಯೂನ್ ಗುನುಗಿದೆ. ನನ್ನ ದನಿ ಕತ್ತೆಯದ್ದು, ಗೊತ್ತು. ಇವರು ಸೇರಿಕೊಂಡರು, ಬಂದೇ ಬಂತು — ಮರಿಯಾ. ಜೋಳದ ರೊಟ್ಟಿ ಬಡಿಯುತ್ತಿದ್ದೆ, ಕೈ ನಿಂತಿತು. ರೊಟ್ಟಿ ಹರಿದು ಹೋಯಿತು. ಸೌತ್‌ಹಾಲ್‌ನಲ್ಲಿ ಈ ಸಲ ಸಿಕ್ಕ ಹಿಟ್ಟೂ ಹಳೆಯದು, ಜಿಗಿಯೇ ಇಲ್ಲ.

1 ನವೆಂಬರ್

ದೀಪಾವಳಿ. ಫೆಲ್ಥಮ್ ಕಡೆಯ ಕನ್ನಡದವರು ಕರೆದಿದ್ದರು. ಹೋಗಲಿಲ್ಲ. ಹೋದರೆ ಇವರ ಮುಂದೆಯೇ ನನ್ನನ್ನು ಕೇಳುತ್ತಾರೆ — ಈಗ ಹೇಗಿದ್ದಾರೆ, ಏನಾದರೂ ಮಾತಾಡುತ್ತಾರಾ? ಇವರೇನು ಕಿವುಡರಾ? ಮಂದಿಯ ಕನಿಕರಕ್ಕಿಂತ ವಾಲ್ಟ್ರಾಡಳ ಚಪ್ಪಾಳೆ ಮೇಲು, ಅಲ್ಲಿ ಕನಿಕರವಾದರೂ ಇಲ್ಲ.

13 ನವೆಂಬರ್, ಬುಧವಾರ

ಡಿಸೆಂಬರ್ 14ಕ್ಕೆ ಚರ್ಚಿನಲ್ಲಿ ಕಾರ್ಯಕ್ರಮ. ಬರಿ ಹಾಡಲ್ಲ, ತೊಟ್ಟಿಲು ತೂಗುವುದೂ ಇದೆ! ಹಿಂದೆ ಅವರ ದೇಶದ ಚರ್ಚುಗಳಲ್ಲಿ ಕ್ರಿಸ್‌ಮಸ್ ಸಮಯ ಬಲಿಪೀಠದ ಮುಂದೆ ತೊಟ್ಟಿಲಿಟ್ಟು, ಲಾಲಿ ಹಾಡುತ್ತ ತೂಗುತ್ತಿದ್ದರಂತೆ. ಪಾದ್ರಿಯೂ ತೂಗುತ್ತಿದ್ದನಂತೆ. ವಾಲ್ಟ್ರಾಡಳ ಅಜ್ಜಿ ಕಂಡಿದ್ದಳಂತೆ. ಎಲ್ಲದಕ್ಕೂ ಅಜ್ಜಿ. ತೂಗುವ ಹಗ್ಗ ಹಿಡಿಯಲು ಇವರನ್ನು ಆರಿಸಿದ್ದಾಳೆ — ಬಲಗೈಗೆ ವ್ಯಾಯಾಮ, ಹಾಡಿಗೆ ಲಯ, ಎರಡೂ ಆಗುತ್ತದೆ.

ಮರದ ಪುಟ್ಟ ತೊಟ್ಟಿಲು ತಂದಿಟ್ಟಳು. ಒಳಗೆ ಏನೂ ಇಲ್ಲ. ಬಾಲ ಯೇಸುವಿನ ಗೊಂಬೆಯನ್ನು ಇಪ್ಪತ್ನಾಲ್ಕನೇ ತಾರೀಖಿನವರೆಗೆ ಇಡುವಂತಿಲ್ಲವಂತೆ. ಇವರು ಹಗ್ಗ ಹಿಡಿದು ಖಾಲಿ ತೊಟ್ಟಿಲು ತೂಗತೊಡಗಿದರು.

ನಾನು ಎದ್ದು ಹೋಗಿ ನನ್ನ ಶಾಲು ಸುತ್ತಿ ಅದರೊಳಗೆ ಇಟ್ಟುಬಿಟ್ಟೆ.

ವಾಲ್ಟ್ರಾಡ್ ತೆಗೆದಳು. ನಾನು ಮತ್ತೆ ಇಟ್ಟೆ. ಖಾಲಿ ತೊಟ್ಟಿಲು ತೂಗಬಾರದು, ನಮ್ಮಲ್ಲಿ ಅದು ಒಳ್ಳೆಯದಲ್ಲ ಅಂದೆ. ನೀವು ಡಾಕ್ಟರಲ್ಲವೇ ಅಂದಳು. ಹೌದು, ಡಾಕ್ಟರು, ಆದರೂ ತೂಗಬಾರದು. ಹನ್ನೊಂದು ಜನ ನಮ್ಮನ್ನೇ ನೋಡುತ್ತಿದ್ದರು. ಕಡೆಗೆ ಶಾಲು ಉಳಿಯಿತು. ಅವಳು ಮುಖ ಗಂಟು ಹಾಕಿಕೊಂಡೇ ಪಿಯಾನೋ ಬಾರಿಸಿದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೌಢ್ಯ ಅಂತ ಅತ್ತೆಯ ಹತ್ತಿರ ಜಗಳ ಆಡಿದವಳು ನಾನೇ.

ಇವರು ಶಾಲು ನೋಡಿಕೊಂಡು ಹಾಡಿದರು. ಮರಿಯಾ.

20 ನವೆಂಬರ್, ಬುಧವಾರ. ಸಂಜೆ 5

ಬರೆಯಬಾರದು ಅಂತಿದ್ದೆ.

ಜಾಹ್ನವಿ ಬಂದಿದ್ದಳು, ರಜೆ ಹಾಕಿ, ಹಾಡು ಕೇಳಲು. ಕೇಳಿ ಹಿಗ್ಗಿದಳು. ಟ್ಯೂನ್ ಬಂದಿದೆಯಲ್ಲ ಆಂಟಿ, ಈಗ ಮಾತನ್ನು ಬದಲಿಸೋಣ ಅಂದಳು. ಮರಿಯಾ ಬರುವ ಜಾಗದಲ್ಲಿ ಮೈತ್ರೇಯಿ. ಅದರಲ್ಲೂ ಮೂರು ಅಕ್ಷರ, ನಿಮ್ಮ ಹೆಸರಲ್ಲೂ ಮೂರು. ವಾಲ್ಟ್ರಾಡಳಿಗೂ ಒಪ್ಪಿಗೆ, ಮರಿಯಾ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದಳು, ಆಗಷ್ಟೇ ಫೋನ್‌ನಲ್ಲಿ ಕೇಳಿಕೊಂಡವಳ ಹಾಗೆ.

ಇವರ ಮುಂದೆ ನನ್ನನ್ನು ಕೂರಿಸಿದರು. ಎಲ್ಲರೂ ಸುತ್ತ ಕೂತರು. ವಾಲ್ಟ್ರಾಡ್ ನುಡಿಸಿದಳು. ಇವರು ಹಾಡುತ್ತ ಬಂದರು, ಸರಾಗ. ಹೆಸರಿನ ಜಾಗ ಬಂತು. ಜಾಹ್ನವಿ ಮೆಲ್ಲಗೆ ಮೈ— ಅಂತ ಎತ್ತಿಕೊಟ್ಟಳು.

ನಿಂತುಬಿಟ್ಟರು. ಬಾಯಿ ತೆರೆದೇ ಇತ್ತು. ನನ್ನ ಮುಖ ನೋಡಿದರು. ಆಸ್ಪತ್ರೆಯಲ್ಲಿ ತಪ್ಪು ವಾರ್ಡಿಗೆ ಬಂದವರು ನೋಡುವ ಹಾಗೆ. ಮತ್ತೆ ನುಡಿಸಿದಳು. ಮತ್ತೆ ನಿಂತರು. ಮೂರನೇ ಸಲ ಕೈಯಲ್ಲಿದ್ದ ಹಗ್ಗ ಬಿಟ್ಟರು, ಹಾಂ ಹಾಂ ಅಂತ ಸಿಟ್ಟಾದರು. ಮರಿಯಾ ಅಂತಲೇ ಹಾಡಿಸಿ ಸಮಾಧಾನ ಮಾಡಿದರು. ತಕ್ಷಣ ಬಂತು.

ಬಸ್ ಡ್ರೈವರನ ಹೆಂಡತಿ ನನ್ನ ಬೆನ್ನು ಸವರಿದಳು. ಆ ಕೈಯನ್ನು ಕಿತ್ತು ಎಸೆಯಬೇಕೆನಿಸಿತು.

ಹೊರಗೆ ಬಸ್ ಸ್ಟಾಪಿನಲ್ಲಿ ಜಾಹ್ನವಿ ಕೇಳಿದಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಅಂಕಲ್ ನಿಜವಾಗ್ಲೂ ನಿಮ್ಮನ್ನ ಮೈತ್ರೇಯಿ ಅಂತಾನೇ ಕರೀತಿದ್ರಾ? ನಮ್ ತಾತ ಅಂತೂ ಅಜ್ಜಿ ಹೆಸರು ಒಂದಿನಾನೂ ಹೇಳಿಲ್ಲ."

"ಹೌದು," ಅಂದೆ. "ಯಾಕ, ನಾವೇನ ಹಳ್ಳಿಯವ್ರೇನ?"

ಬಸ್ ಬಂತು. ಇವರನ್ನು ಹತ್ತಿಸಿದೆವು.

5 ಡಿಸೆಂಬರ್, ಗುರುವಾರ

ಎರಡು ವಾರ ಈ ಪುಸ್ತಕ ಮುಟ್ಟಿಲ್ಲ. ಕ್ಲಾಸಿಗೆ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ಬರುತ್ತೇನೆ.

ಇದನ್ನು ಯಾರೂ ಓದುವುದಿಲ್ಲ. ಮಯೂರನಿಗೆ ಕನ್ನಡ ಓದಲು ಬರುವುದಿಲ್ಲ. ಇವರು ನನ್ನ ಕಪಾಟು ತೆಗೆಯುವುದಿಲ್ಲ. ಮತ್ತೆ ಯಾರ ಹೆದರಿಕೆ?

ಇವರು ನನ್ನನ್ನು ಮೈತ್ರೇಯಿ ಅಂತ ಕರೆದೇ ಇಲ್ಲ. ಒಂದೇ ಒಂದು ಸಲ ಹೇಳಿದ್ದು, 1986ರಲ್ಲಿ, ಮದುವೆಯ ದಿನ. ಹೆಂಗಸರು ಸುತ್ತುವರಿದು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಅಂದಾಗ, ಯಾರೋ ಕಿವಿಯಲ್ಲಿ ಊದಿದ ಎರಡು ಸಾಲು ಒದರಿ ಕೊನೆಗೆ ಸೇರಿಸಿದ್ದರು. ಅಷ್ಟೇ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೆಸರು ಹೇಳುವ ರೂಢಿ ಇಲ್ಲ. ನಾನಾದರೂ ಇವರ ಹೆಸರು ಹೇಳಿದ್ದೇನಾ? ಜಿಪಿ ಡಾಕ್ಟರ ರಿಸೆಪ್ಷನ್‌ನಲ್ಲಿ, ಫಾರಂಗಳಲ್ಲಿ. ಈ ಪುಸ್ತಕದಲ್ಲಿ ಕೂಡ ಇವರು ಬರಿ ಇವರೇ. ವೀರಭದ್ರ ಅಂತ ಇಲ್ಲಿ ಈಗ ಮೊದಲ ಸಲ ಬರೆದೆ. ವಿಚಿತ್ರವಾಗಿ ಕಾಣುತ್ತದೆ, ಬೇರೆ ಯಾರೋ ಪೇಶೆಂಟಿನ ಹೆಸರಿನ ಹಾಗೆ.

ಇವರು ನನ್ನನ್ನು ಕರೆಯುತ್ತಿದ್ದದ್ದು ದಡ್ಡಿ ಅಂತ.

ಈ ದೇಶಕ್ಕೆ ಬಂದ ಹೊಸತು, 1989. ಅನಸ್ತೇಶಿಯಾದ ಮೊದಲ ಪರೀಕ್ಷೆಯಲ್ಲಿ ಫೇಲ್ ಆದೆ. ಪತ್ರ ಒಡೆದು ಓದಿದ್ದು ಇವರೇ. "ಏ ದಡ್ಡಿ, ಹೋತು ನೋಡು" ಅಂದರು, ನಕ್ಕರು. ನಾನೂ ನಕ್ಕೆ. ಆರು ತಿಂಗಳಿಗೆ ಪಾಸಾದೆ, ಆಮೇಲಿನವೂ ಪಾಸಾದೆ, ಕನ್ಸಲ್ಟಂಟ್ ಆದೆ, ಇವರಿಗಿಂತ ಎರಡು ವರ್ಷ ಮುಂಚೆ. ಮಾತು ಮಾತ್ರ ಹೋಗಲಿಲ್ಲ. ಏ ದಡ್ಡಿ, ಚಾ ತಗೊಂಡ ಬಾ. ಏ ದಡ್ಡಿ, ಫೋನ್ ಬಂದೈತಿ. ಊಟಕ್ಕೆ ಬಂದವರ ಮುಂದೆ — ನಮ್ಮ ದಡ್ಡಿಗೆ ಎಡಾ ಬಲಾ ತಿಳಿಯೂದಿಲ್ಲ, ಆಪರೇಶನ್ ಥಿಯೇಟರ್‌ನ್ಯಾಗ ಹೆಂಗ ಮಾಡ್ತಾಳೊ. ಎಲ್ಲರೂ ನಗುತ್ತಿದ್ದರು. ಪ್ರೀತಿಯಿಂದ ಅನ್ನುತ್ತಾರೆ ಅಂತ ಅತ್ತೆ ಹೇಳಿದ್ದರು. ಮಯೂರ ಚಿಕ್ಕವನಿದ್ದಾಗ ಅದು ನನ್ನ ಹೆಸರೆಂದೇ ತಿಳಿದು ಸ್ಕೂಲಿನಲ್ಲಿ ಹೇಳಿ ಬಂದಿದ್ದ. ಮೈ ಮದರ್ಸ್ ನೇಮ್ ಈಸ್ ದಡ್ಡಿ.

ಇದನ್ನು ಆ ಬೆಂಗಳೂರು ಹುಡುಗಿಯ ಫಾರಂನಲ್ಲಿ ಬರೆಸಲಾ? ಬಿಳಿ ಶೂ ಹಾಕಿಕೊಂಡು, ಆಂಟಿ ನೀವು ಎಂಥ ಇನ್ಸ್‌ಪಿರೇಶನ್ ಅನ್ನುವವಳ ಹತ್ತಿರ? ಬಾಯಿ ಬರಲಿಲ್ಲ. ಮೈತ್ರೇಯಿ ಅಂದೆ. ಹನ್ನೆರಡು ವಾರ ಥೆರಪಿ, ಅದರ ಮೇಲೆ ಈ ಹಾಡು ಕುಣಿತ, ಎಲ್ಲ ಇವರ ತಲೆಯಲ್ಲಿ ಇಲ್ಲವೇ ಇಲ್ಲದ ಹೆಸರಿಗಾಗಿ. ಮಿದುಳಿನ ಯಾವ ಮೂಲೆಯಿಂದ ತೆಗೆಯಬೇಕು ಪಾಪ. ಅಂಥ ಬುದ್ಧಿವಂತೆ ನಾನು. ಇವರು ಇಟ್ಟ ಹೆಸರು ಸರಿಯಾಗಿಯೇ ಇದೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಜನವರಿಯಿಂದ ಯಾರೂ ನನ್ನನ್ನು ದಡ್ಡಿ ಅಂದಿಲ್ಲ. ಮೊದಲ ತಿಂಗಳು ಆಸ್ಪತ್ರೆ, ಓಡಾಟ, ತಿಳಿಯಲಿಲ್ಲ. ಮಾರ್ಚ್‌ನಲ್ಲಿ ಒಂದು ದಿನ ಅಡುಗೆಮನೆಯಲ್ಲಿ ನಿಂತಾಗ ತಿಳಿಯಿತು. ಮನೆ ಎಷ್ಟು ಶಾಂತವಾಗಿದೆ ಅನ್ನಿಸಿತು. ಸುಖ ಅನ್ನಿಸಿತು. ಗಂಡ ಮಾತಿಲ್ಲದೆ ಒದ್ದಾಡುತ್ತ ಒಳಗೆ ಕೂತಿದ್ದಾರೆ, ಇಲ್ಲಿ ಹೆಂಡತಿಗೆ ಸುಖ. ಥೂ.

14 ಡಿಸೆಂಬರ್, ಶನಿವಾರ. ಸಂಜೆ 6

ಮುಗಿಯಿತು ತಮಾಷೆ.

ಚರ್ಚು ತುಂಬಿತ್ತು. ಮೂರು ಗಂಟೆಗೇ ಕತ್ತಲಾದ ಹಾಗಿತ್ತು ಹೊರಗೆ, ಒಳಗೆ ಎಲ್ಲೆಲ್ಲೂ ಮೇಣದಬತ್ತಿ. ಕೌನ್ಸಿಲ್‌ನಿಂದ ಯಾರೋ ಬಂದಿದ್ದರು, ಕೊರಳಲ್ಲಿ ಪದವಿಯ ಸರಪಳಿ. ಪಾದ್ರಿ ಜೋಕ್ ಮಾಡಿದರು. ಮಯೂರ ಬಂದಿದ್ದ, ಫೋನ್ ಎತ್ತಿ ಹಿಡಿದೇ ಇದ್ದ, ಅಪ್ಪನನ್ನು ಕಣ್ಣಿಂದ ನೋಡಿದ್ದು ಎಷ್ಟು ಹೊತ್ತೋ.

ಇವರಿಗೆ ಕಂದು ಬಣ್ಣದ ಜಾಕೆಟ್ ಹಾಕಿದ್ದೆ. ಎಡಗೈ ಬಲಗೈ ಎರಡರಲ್ಲೂ ಹಗ್ಗ. ತೊಟ್ಟಿಲಲ್ಲಿ ನನ್ನ ಶಾಲು — ವಾಲ್ಟ್ರಾಡಳೇ ಮಡಚಿ ಇಟ್ಟಿದ್ದಳು, ನಾನು ಕೇಳದೆಯೇ. ಏಳು ನುಡಿ. ಇವರದ್ದೊಂದೇ ದನಿ ಮೇಲೆ, ಉಳಿದ ಹತ್ತು ಕೆಳಗೆ. ಒಂದು ವಿಮಾನವೂ ಬರಲಿಲ್ಲ, ಗಾಳಿ ತಿರುಗಿತ್ತೋ ಏನೋ; ನಾಳೆ ವಾಲ್ಟ್ರಾಡ್ ಅದನ್ನೂ ಮರಿಯಮ್ಮನ ಖಾತೆಗೆ ಹಾಕುತ್ತಾಳೆ.

ಸುತ್ತ ಎಲ್ಲರೂ ಮೂಗು ಸುರಿಸುತ್ತಿದ್ದರು. ನಾನು ಅಳಲಿಲ್ಲ. ಇವರನ್ನೇ ನೋಡುತ್ತಿದ್ದೆ. ಎಷ್ಟು ಮೆತ್ತಗೆ ಅನ್ನುತ್ತಾರೆ ಅದನ್ನು. ಈ ಮನುಷ್ಯನಲ್ಲಿ ಇಷ್ಟು ಮೆತ್ತಗಿನ ದನಿ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಸುಸ್ತಾದ ಹೆಂಡತಿಗೆ ಹೇಳುವ ಲಾಲಿಯಂತೆ. ನನಗೂ ಸುಸ್ತಾಗಿತ್ತಲ್ಲ. ಥಿಯೇಟರಿನಿಂದ ಹನ್ನೆರಡು ತಾಸು ನಿಂತು ಬಂದು, ಎಂಟು ತಿಂಗಳ ಮಯೂರನನ್ನು ಎತ್ತಿಕೊಂಡು. ಆಗೆಲ್ಲ ಎಲ್ಲಿಟ್ಟಿದ್ದರು ಇದನ್ನು?

ಕೊನೆಗೆ ಎಲ್ಲರೂ ನಿಂತು ಚಪ್ಪಾಳೆ. ಇವರು ನನ್ನತ್ತ ತಿರುಗಿ ಹಾಂ ಅಂದರು.

ನನ್ನ ಪಾಲಿಗೆ ಹಾಂ.

17 ಡಿಸೆಂಬರ್

ಜಾಹ್ನವಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಫಾರಂನಲ್ಲಿ ಸುಳ್ಳು ಬರೆಸಿದ್ದು, ನಿಜ ಏನು ಅನ್ನುವುದು. ಕಡ್ಡಿ ಮುರಿದ ಹಾಗೆ ಹೇಳಿದೆ, ಪೇಶೆಂಟ್ ಹಿಸ್ಟರಿ ಕೊಡುವ ದನಿಯಲ್ಲಿ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

ಆಮೇಲೆ ಅಂದಳು, ಬಹುಶಃ ಅದೇ ಬೀಗದ ಕೈ. ಮೂವತ್ತೈದು ವರ್ಷ ದಿನಕ್ಕೆ ಹತ್ತು ಸಲ ಬಂದ ಮಾತು, ಎಲ್ಲಕ್ಕಿಂತ ಆಳದಲ್ಲಿ ಅದೇ ಇರುತ್ತದೆ. ನೀವು ಏ ಅಂತ ಎತ್ತಿಕೊಟ್ಟರೆ ಉಳಿದದ್ದು ತಾನಾಗಿ ಬರಬಹುದು. ಒಂದು ಇಡೀ ಮಾತು ಬಂದರೆ ಅದರ ಹಿಂದೆ ಬೇರೆಯವೂ ಬರಬಹುದು. ಹಾಗಂತ ಗ್ಯಾರಂಟಿ ಇಲ್ಲ.

"ಆದ್ರೆ ಆಂಟಿ," ಅಂದಳು, "ಆ ಪದ ಮನೆಗೆ ವಾಪಸ್ ಬರೋದು ನಿಮಗೆ ಬೇಕಾ? ನೀವು ಬೇಡ ಅಂದ್ರೂ ತಪ್ಪಿಲ್ಲ."

ಮಗಳ ವಯಸ್ಸಿನವಳು ನನಗೆ ಅಪ್ಪಣೆ ಕೊಡುತ್ತಾಳೆ. ಯೋಚಿಸುತ್ತೇನೆ ಅಂತ ಫೋನ್ ಇಟ್ಟೆ.

26 ಡಿಸೆಂಬರ್

ಯೋಚಿಸುತ್ತಿದ್ದೇನೆ. ಇವರು ಟಿವಿ ಮುಂದೆ. ಹಾಂ, ಹಾಂ. ನಾಲ್ಕು ಸಲ ಏನು ಏನು ಅಂತ ಕೇಳಿ, ಕಡೆಗೆ ರಿಮೋಟ್ ಬೇಕಿತ್ತು ಅಂತ ತಿಳಿಯಿತು. ರಿಮೋಟ್ ಸಿಕ್ಕ ಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಇಪ್ಪತ್ತೆಂಟು ವರ್ಷ ಮಂದಿಯ ಮೂಳೆ ಜೋಡಿಸಿದ ಮನುಷ್ಯ. ಒಂದು ರಿಮೋಟ್ ಕೇಳಲು ಆಗುವುದಿಲ್ಲ.

ಒಂದು ಮಾತಿಗಾಗಿ ನಾನು ಮತ್ತೆ ದಡ್ಡಿ ಆಗಬೇಕು. ಆಗದಿದ್ದರೆ ಇವರು ಹೀಗೇ. ಎರಡೂ ಕಡೆ ತೂಗಿ ನೋಡಿದರೂ ನನಗೆ ಅವಮಾನವೇ. ಯಾವ ಲಾಲಿಯಲ್ಲಿ ಬರೆದಿದ್ದಾರೆ ಇದನ್ನು?

2 ಜನವರಿ 2025, ಗುರುವಾರ. ಸಂಜೆ 4:40

ಈಗಷ್ಟೇ ಆದದ್ದು. ಅಕ್ಷರ ನೆಟ್ಟಗಿಲ್ಲ.

ನಾಲ್ಕಕ್ಕೆ ಚಹಾ ಮಾಡಿದೆ. ಎರಡು ಕಪ್ಪು ಟೇಬಲ್ ಮೇಲಿಟ್ಟು ಇವರ ಎದುರಿಗೆ ಕೂತೆ. ಟಿವಿ ಆರಿಸಿದೆ. ಇವರ ದನಿಯಲ್ಲೇ, ಇವರು ಎಳೆಯುತ್ತಿದ್ದ ಹಾಗೇ, "ಏ—" ಅಂದು ನಿಲ್ಲಿಸಿದೆ.

ನೋಡಿದರು. ತಿಳಿಯಲಿಲ್ಲ.

"ಏ—"

ಹುಬ್ಬು ಗಂಟಾಯಿತು. ಮೂರನೇ ಸಲ ಅಂದೆ, ಕಪ್ಪು ತೋರಿಸಿ. ಆಗ ತಿಳಿಯಿತು. ತಿಳಿದದ್ದು ಕಣ್ಣಲ್ಲಿ ಕಂಡಿತು. ನಾಲಿಗೆ ಮೇಲಿನ ಹಲ್ಲಿಗೆ ಹೋಯಿತು. ಮೂವತ್ತೊಂದು ವರ್ಷ ಜನರ ಬಾಯಿ ಗಂಟಲು ನೋಡಿದವಳು ನಾನು, ಮಾತು ಎಲ್ಲಿಯವರೆಗೆ ಬಂದಿದೆ ಅಂತ ಗೊತ್ತಾಗುತ್ತದೆ. ಬಂದಿತ್ತು. "ದ" ಅಂತ ಕೇಳಿಸಿತು. ಸ್ಪಷ್ಟ ದ.

ಅಲ್ಲಿಗೆ ಬಾಯಿ ಮುಚ್ಚಿದರು. ಎಡಗೈ ಎತ್ತಿ ತಮ್ಮ ಬಾಯಿಯ ಮೇಲೆ ಇಟ್ಟುಕೊಂಡರು. ತಲೆ ಆಡಿಸಿದರು.

"ಹೇಳ್ರಿ," ಅಂದೆ. "ನಾನಽ ಕೇಳಾಕತ್ತೇನಿ. ನಾ ಏನೂ ಅನ್ಕೊಳ್ಳೂದಿಲ್ಲ."

ಮತ್ತೆ ತಲೆ ಆಡಿಸಿದರು.

"ಇಷ್ಟ ವರ್ಷ ಮಂದಿ ಮುಂದ ಅಂದ್ರಿ. ಈಗ ಯಾರದಾರ ಇಲ್ಲೆ? ಒಮ್ಮೆ ಅನ್ರಿ. ನಿಮ್ಮ ಕಾಲ ಬೀಳ್ತೇನಿ, ಒಮ್ಮೆ ಅನ್ರಿ."

ಕೈ ತೆಗೆಯಲಿಲ್ಲ. ನಾನು ತೆಗೆಯಲು ಹೋದೆ. ಬಲವಾಗಿ ಒತ್ತಿ ಹಿಡಿದಿದ್ದರು. ಕಣ್ಣಿಂದ ನೀರು ಇಳಿದು ಬೆರಳಿನ ಮೇಲೆ ಬಂತು. ಆಮೇಲೆ ತಾವೇ ಕೈ ಇಳಿಸಿದರು.

"ಇಲ್ಲ," ಅಂದರು.

ಟ್ಯೂನ್ ಇಲ್ಲ, ಯಾರೂ ಎತ್ತಿಕೊಟ್ಟದ್ದಲ್ಲ. ಇಡೀ ಮಾತು. ನನ್ನ ಮುಖ ನೋಡಿ. ಒಂದು ವರ್ಷದಲ್ಲಿ ನನಗೆ ಅಂತ ಆಡಿದ ಮೊದಲನೇ ಮಾತು.

ಎಂಥ ಮನುಷ್ಯ ಇವರು! ಎಂಥ ದುಷ್ಟ! ಬಾಯಿ ತುಂಬ ಮಾತಿದ್ದಾಗ ಮರ್ಯಾದೆ ನೆನಪಾಗಲಿಲ್ಲ. ಈಗ, ಒಂದೇ ಒಂದು ಮಾತು ಉಳಿದಿರುವಾಗ, ಅದನ್ನು ನುಂಗಿಕೊಳ್ಳುತ್ತಾರೆ. ನಾನೇ ಬಾಯಿಬಿಟ್ಟು ಬೇಡಿದರೂ ಕೊಡುವುದಿಲ್ಲ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಪಕ್ಕದ ಫ್ಲಾಟಿಗೆ ಕೇಳಿಸಿರಬೇಕು. ಸುಮ್ಮನೆ ಕೇಳಿಸಿಕೊಂಡರು. ನಾನು ಅಳು ನಿಲ್ಲಿಸುವವರೆಗೆ ಚಹಾ ಮುಟ್ಟಲಿಲ್ಲ.

ಅಂದರೆ ಗೊತ್ತಿತ್ತು. ಆ ಮಾತು ನನಗೆ ಚುಚ್ಚುತ್ತಿತ್ತು ಅಂತ ಗೊತ್ತಿತ್ತು ಇವರಿಗೆ. ಯಾವಾಗಿನಿಂದ? ಈ ಒಂದು ವರ್ಷ ಹಾಂ ಹಾಂ ಅನ್ನುತ್ತ ಕೂತದ್ದರಲ್ಲಿ ಎಷ್ಟು ಬಾರದೆ ಕೂತದ್ದು, ಎಷ್ಟು ಬೇಡ ಅಂತ ಕೂತದ್ದು? ನಾನು ಇವರ ಬಾಯಿ ನೋಡುತ್ತಿದ್ದೆ, ನಾಲಿಗೆ ನೋಡುತ್ತಿದ್ದೆ, ಇವರನ್ನು ನೋಡಲೇ ಇಲ್ಲ.